ಈ ಬೆಳೆ ಒಂದು ಮುಗೀಲಿ

ಸರ್ವಾಧಿಕಾರಿಗಳು ದೂರದ ದೇಶಗಳಲ್ಲೇ ಹುಟ್ಟುತ್ತಾರೆ ಎಂದು ನಂಬಿದವರನ್ನು ರಾಮನಗರದ ಬಸ್ಸು ಹತ್ತಿಸಬೇಕು. ಅಲ್ಲಿನ ಕಾಲೇಜೊಂದರಲ್ಲಿ ನಾನು ಇತಿಹಾಸದ ಮೇಷ್ಟ್ರಾಗಿದ್ದೆ. ಇನ್ನೂ ಕಾಯಂ ಆಗಿರಲಿಲ್ಲ. ಇಟಲಿಯವನನ್ನೂ ಜರ್ಮನಿಯವನನ್ನೂ ಹೋಲಿಸಿ ಪಾಠ ಮುಗಿಸಿದರೆ ನನ್ನವರೇ ಇಬ್ಬರು ಕಾದಿರುತ್ತಿದ್ದರು: ಕಾಲೇಜಿನಲ್ಲಿ ಪ್ರಿನ್ಸಿಪಾಲರು, ಹತ್ತಿರದ ಕೈಲಾಂಚದ ಕಡೆ ನಾನು ಬಾಡಿಗೆಗಿದ್ದ ಮನೆಯ ಒಡತಿ ಅಜ್ಜಿ. ಈಗ ನಿವೃತ್ತ, ಧೈರ್ಯವಾಗಿ ನಗುತ್ತೇನೆ.

೧. ಏರಿದ್ದು

ಪ್ರಿನ್ಸಿಪಾಲರ ಕುರ್ಚಿಗೆ ಇಬ್ಬರು ಹಿರಿಯರು ಕಿತ್ತಾಡುತ್ತಿದ್ದರು. "ಇವನು ಸಾಧು, ನಾವು ಹೇಳಿದಂತೆ ಕೇಳ್ತಾನೆ, ಸದ್ಯಕ್ಕೆ ಕೂರಲಿ" ಎಂದು ಮೂರನೆಯವರನ್ನು ಕೂರಿಸಿದರು. ಜರ್ಮನಿಯವನನ್ನು ಕುರ್ಚಿಗೆ ಕೂರಿಸಿದ ಹಿರಿಯರೂ ಹೀಗೇ ಅಂದುಕೊಂಡಿದ್ದರು. ಸಾಧುಗಳು ಕೂತ ಮರುದಿನವೇ ಒಬ್ಬ ಹಿರಿಯರಿಗೆ ಸೈಕಲ್ ಸ್ಟ್ಯಾಂಡಿನ ಉಸ್ತುವಾರಿ, ಇನ್ನೊಬ್ಬರಿಗೆ ನೀರಿನ ತೊಟ್ಟಿಯದು.

ಅಜ್ಜಿಯದು ತುರ್ತುಪರಿಸ್ಥಿತಿ. ರೇಷ್ಮೆಗೆ ಬೆಲೆ ಬಂದು ಹಂಚಿನ ಮನೆಗಳೆಲ್ಲ ತಾರಸಿ ಆಗುತ್ತಿದ್ದ ಕಾಲ; ಅಜ್ಜಿಯೂ ಮನೆಯೊಳಗೇ ರೇಷ್ಮೆಹುಳ ಸಾಕತೊಡಗಿದಳು. "ಹುಳ ಬಲು ಸೂಕ್ಷ್ಮ ಕಣ್ರಪ್ಪಾ. ಈ ಬೆಳೆ ಒಂದು ಮುಗೀಲಿ, ಅಲ್ಲೀಗಂಟ ನಾನೇಳ್ದಂಗೆ ಕೇಳಿ" ಎಂದು ಮನೆಯವರಿಗೆಲ್ಲ ಅಂದಳಂತೆ. ಒಂದು ಬೆಳೆಯ ಗೂಡು ಮಾರಿ ಮುಗಿಯುವಷ್ಟರಲ್ಲಿ ಮತ್ತೆ ಮರಿಹುಳ ಬರುತ್ತಿತ್ತು. ತುರ್ತು ಮಾತ್ರ ಮುಗಿಯಲೇ ಇಲ್ಲ.

೨. ಆಳಿದ್ದು

ಪ್ರಿನ್ಸಿಪಾಲರು ನೋಟಿಸಿನಲ್ಲಿ ಆಳಿದರು, ಅಜ್ಜಿ ಮೂಗಿನಲ್ಲಿ. ಹುಳಕ್ಕೆ ವಾಸನೆ ಆಗದು. ಒಗ್ಗರಣೆ, ಊದುಬತ್ತಿ, ಪೌಡರು, ಬೀಡಿ ಎಲ್ಲ ನಿಷೇಧ. ಹಿಂದೆ ಪಂಚಾಯ್ತಿ ಚೇರ್ಮನ್ನಾಗಿ ಊರಾಳಿದ್ದ ಅವಳ ಗಂಡ ಎರಡು ಹೊಲ ದಾಟಿ ಬೀಡಿ ಸೇದುತ್ತಿದ್ದ. ಒಂದು ದಿನ ಬೋಂಡಾದ ಪೊಟ್ಟಣ ಹಿಡಿದ ನಾನು ಅಲ್ಲೇ ಎದುರಾದೆ.

"ಮೇಷ್ಟ್ರೇ, ನೀವ್ ನನ್ನ ನೋಡ್ನಿಲ್ಲ."

"ನೀವೂ ಬೋಂಡಾ ನೋಡ್ಲಿಲ್ಲ."

ಹೀಗೆ ನಮ್ಮ ಭೂಗತ ಚಳವಳಿ ಹುಟ್ಟಿತು. ಸದಸ್ಯರು ಇಬ್ಬರೇ; ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ.

೩. ಭೇಟಿಯಾದದ್ದು

ನನ್ನನ್ನು ಕಾಯಂ ಮಾಡುವ ಕಾಗದಕ್ಕೆ ಪ್ರಿನ್ಸಿಪಾಲರ ಸಹಿಯೊಂದೇ ಬಾಕಿ. ಆ ವಾರವೇ ಅಜ್ಜಿಯ ಹುಳ ಹಣ್ಣಾದವು. ಅವು ಗೂಡು ಕಟ್ಟಬೇಕಾದರೆ ಕೂಡಲೇ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು.

"ಮೇಷ್ಟ್ರೇ, ಕಾಲೇಜು ಎಲ್ಲೂ ಓಡೋಗಕಿಲ್ಲ. ಕುಂತ್ಕೊಂಡು ಹುಳ ಆಯ್ರಿ."

ಹೊಟ್ಟೆನೋವೆಂದು ಕಾಲೇಜಿಗೆ ಹೇಳಿಕಳಿಸಿದೆ. ಮಧ್ಯಾಹ್ನ ನನ್ನ ಹೊಟ್ಟೆ ವಿಚಾರಿಸಲು ಪ್ರಿನ್ಸಿಪಾಲರೇ ಬಾಗಿಲಿಗೆ ಬಂದರು, ಘಮಘಮ ಸೆಂಟು ಹೊಡೆದುಕೊಂಡು. ನನ್ನ ಕೈಯಲ್ಲಿ ಹುಳ, ಅವರ ಕೈಯಲ್ಲಿ ನನ್ನ ಕೆಲಸ. ಹೋಯಿತು ಅಂದುಕೊಂಡೆ.

"ಏಯ್, ಅಲ್ಲೇ ನಿಂತ್ಕೋ!" ಅಜ್ಜಿ ಗುಡುಗಿದಳು. "ಸೆಂಟ್ ಹಾಕ್ಕೊಂಡು ನನ್ ಹುಳ ಸಾಯ್ಸಕ್ಕೆ ಬಂದಿದ್ದೀಯಾ?"

"ನಾನು ಪ್ರಿನ್ಸಿಪಾಲ್..."

"ಯಾರಾದ್ರೂ ಆಗು. ಷರ್ಟು ಬಿಚ್ಚಿ, ಮೈ ತೊಳ್ಕೊಂಡು ಬಾ. ಆಳು ಕಮ್ಮಿ ಅವ್ರೆ."

ಅರ್ಧ ಗಂಟೆಯಲ್ಲಿ ಪ್ರಿನ್ಸಿಪಾಲರು ಬನಿಯನ್ನಿನಲ್ಲಿ ನನ್ನ ಪಕ್ಕ ಕೂತು ಹುಳ ಆಯುತ್ತಿದ್ದರು. ಸಂಜೆ ಹೊರಡುವಾಗ ಭಕ್ತಿಯಿಂದ ಕೇಳಿದರು: "ಅಮ್ಮಾ, ಇಷ್ಟು ಜನರನ್ನ ಹೇಗೆ ಹಿಡಿತದಲ್ಲಿ ಇಟ್ಕೊಂಡಿದ್ದೀರಿ?"

"ಏನಿಲ್ಲ ಕಣಪ್ಪಾ. ಈ ಬೆಳೆ ಒಂದು ಮುಗೀಲಿ ಅಂತೀನಿ, ಅಷ್ಟೆ."

ಇಟಲಿಯವನನ್ನು ನೋಡಿ ಜರ್ಮನಿಯವನು ಕಲಿತ ಎಂದು ಪಾಠ ಮಾಡುತ್ತಿದ್ದವನು, ಮರುದಿನ ನೋಟಿಸ್ ಬೋರ್ಡಿನಲ್ಲಿ ಅದನ್ನು ಕಣ್ಣಾರೆ ಕಂಡೆ: "ಈ ಪರೀಕ್ಷೆ ಒಂದು ಮುಗಿಯುವವರೆಗೆ ಯಾರಿಗೂ ರಜೆ ಇಲ್ಲ." ಎದೆ ಗಟ್ಟಿ ಮಾಡಿ ನನ್ನ ಕಾಗದ ಹಿಡಿದು ಒಳಗೆ ಹೋದೆ. ಜೊತೆಯಲ್ಲಿ ಹುಳ ಆಯ್ದ ಸಲಿಗೆಯಿಂದ ಪ್ರಿನ್ಸಿಪಾಲರು ನಕ್ಕರು, ಕಾಗದ ಓದಿದರು, ಪೆನ್ನಿಗೆ ಮುಚ್ಚಳ ಹಾಕಿದರು.

"ಖಂಡಿತ ಮಾಡೋಣ ಮೇಷ್ಟ್ರೇ. ಈ ಪರೀಕ್ಷೆ ಒಂದು ಮುಗೀಲಿ."