ಅಕ್ಷರವಿಲ್ಲದ ಬೋರ್ಡು ಬರೆದ ನಮ್ಮ ಕಾಕಾ

ನಮ್ಮ ಕಾಕಾ ಬರೆದ ಗುರುತು ನೋಡಿಕೊಂಡು ಹೋಗಿ ಸರಿಯಾದ ಜಾಗ ಮುಟ್ಟಿದವರು ಯಾರಾದರೂ ಇಳಕಲ್ಲಿನಲ್ಲಿ ಇದ್ದರೆ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಲು ನಾನು ಈಗಲೂ ತಯಾರಿದ್ದೇನೆ. ಇಂಥ ಗುರುತು ಬರೆಯುವುದನ್ನು ಈಗ ಕಾಲೇಜಿನಲ್ಲೇ ಕಲಿಸುತ್ತಾರಂತೆ. ಹೇಗೆ ಬರೆಯಬಾರದು ಎಂದು ಕಲಿಸಲು ಆ ಮಕ್ಕಳಿಗೆ ನಮ್ಮ ಕಾಕಾ ಸಿಗಬೇಕಿತ್ತು. ಅವರು ಅಷ್ಟು ಪುಣ್ಯ ಮಾಡಿರಲಿಲ್ಲ.

ಕಾಕಾ ಅಂದರೆ ಅಪ್ಪನ ತಮ್ಮ. ಮನೆಯವರೆಲ್ಲ ಮಗ್ಗದ ಮುಂದೆ ಕೂತರೆ ಇವನೊಬ್ಬ ಬಣ್ಣದ ಡಬ್ಬಿ ಹಿಡಿದು ಅಂಗಡಿ ಬೋರ್ಡು ಬರೆಯಲು ಹೊರಟವನು. ಬೋರ್ಡು ಬರೆದು ಉಣ್ಣುವ ಮನುಷ್ಯನಿಗೆ ಅಕ್ಷರದ ಮೇಲೆಯೇ ಸಿಟ್ಟು! ಅದಕ್ಕೆ ಕಾರಣ ಕಾಕಿ.

ಕಾಕಿಗೆ ಓದು ಬಾರದು. ಪರಗಂಡಸರನ್ನು ಬಾಯಿಬಿಟ್ಟು ಕೇಳುವ ಪೈಕಿಯೂ ಅಲ್ಲ. ಒಮ್ಮೆ ಒಬ್ಬಳೇ ತವರೂರು ಕಮತಗಿಗೆ ಹೊರಟವಳು ಬೇರೆ ಬಸ್ಸು ಹತ್ತಿ ಕುಷ್ಟಗಿಯಲ್ಲಿ ಇಳಿದಳು. ಅದೇ ಬಸ್ಸಿಗೆ ತಿರುಗಿ ಬಂದು, ತಾಯಿಗೆಂದು ಮಾಡಿದ್ದ ಹೋಳಿಗೆಯನ್ನು ನಮಗೆಲ್ಲ ಹಂಚಿ, ತಾನು ಅಳುತ್ತ ಕೂತಳು. ಅಂದಿನಿಂದ ಕಾಕಾ ಕರೆದುಕೊಂಡು ಹೋದರೆ ತವರು, ಇಲ್ಲದಿದ್ದರೆ ಇಲ್ಲ. ಕಾಕಾನಿಗೋ ಕೆಲಸದ ಗದ್ದಲ. ಸಂಜೆಯಾದರೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತ ಕಾಕಿಯ ಕಣ್ಣೆಲ್ಲ ಹಾದಿಯ ಮೇಲೆಯೇ ಇರುತ್ತಿತ್ತು.

"ಕುಂಡ್ರು, ಓದೂದು ಕಲಿಸ್ತೇನಿ" ಎಂದ ಕಾಕಾ.

"ನಿಮ್ಮ 'ಕ' ತಿದ್ದೂದ್ರಾಗ ನನ್ನ ರೊಟ್ಟಿ ಸೀದು ಹೋಗ್ತಾವ್ರಿ" ಎಂದಳು ಕಾಕಿ.

"ಹಂಗಾರ ಅಕ್ಷರಾನ ಬ್ಯಾಡ. ಓದಾಕ ಬರದಾಕಿ ಯಾರನ್ನೂ ಕೇಳದ ಊರು ಮುಟ್ಟಬೇಕು. ಹಂತಾ ಗುರ್ತು ಬರೀತೇನಿ ನೋಡು."

ಕೈ ಪಳಗಲೆಂದು ಮೊದಲು ದವಾಖಾನೆಯ ದಾರಿ ತೋರಿಸಲು ಹೊರಟ. ಬಾಣ ಬರೆದರೆ ಸಾಕಿತ್ತು. "ನಾವೇನು ಬ್ಯಾಟಿಗೆ ಹೊಂಟೇವೇನು?" ಎಂದು ಗೋಡೆಗೋಡೆಗೂ ಕೈ ಬರೆದ. ಅಷ್ಟರಲ್ಲಿ ಚುನಾವಣೆ ಬಂತು. ಕೈ ಒಂದು ಪಕ್ಷದ ಗುರುತಾಗಿ ಕೂತಿತ್ತು. ಸರಕಾರದ ಮಂದಿ ಬಂದು ಎಲ್ಲದಕ್ಕೂ ಸುಣ್ಣ ಹೊಡೆಸಿದರು.

ಕೈ ಹೋದರೆ ಕಾಲಿಲ್ಲವೇ? ರಸ್ತೆಯಿಂದ ದವಾಖಾನೆಯ ಬಾಗಿಲವರೆಗೆ ನೆಲದ ಮೇಲೆ ಬಿಳಿ ಹೆಜ್ಜೆಗಳನ್ನು ಬರೆದ. ನಮ್ಮ ಜನ ಪಾದವನ್ನು ತುಳಿದಾರೆಯೇ? ಬೆಳಗಾಗುವಷ್ಟರಲ್ಲಿ ಹೆಜ್ಜೆಹೆಜ್ಜೆಗೂ ಕುಂಕುಮ, ಹೂವು. ಜ್ವರ ಬಂದವರು ಅಲ್ಲೇ ಕಾಯಿ ಒಡೆಸಿ, ಹಣೆ ಹಚ್ಚಿ, ಮನೆಗೆ ಹೋಗತೊಡಗಿದರು. ಕಂಪೌಂಡರ್ ಓಡಿ ಬಂದ.

"ಏನ್ ಮಾಡಿಟ್ರಿ ಪೇಂಟರ್? ಮಂದಿ ಒಳಗ ಬರವಲ್ರು."

"ಜ್ವರಾ ಬಿಟ್ಟಾವೇನ್ರಿ?"

"ಕೆಲವ್ರಿಗೆ ಬಿಟ್ಟಾವಂತ."

"ಮತ್ತ ಗುರ್ತು ಕೆಲಸ ಮಾಡೇತಿ ಬಿಡ್ರಿ."

ಆಮೇಲೆ ಬಸ್ ಸ್ಟ್ಯಾಂಡು ಇವನ ಕೈಗೆ ಸಿಕ್ಕಿತು. ಹೆಂಗಸರ ಪಾಯಖಾನೆಯ ಗೋಡೆಗೆ ಇಳಕಲ್ ಸೀರೆಯ ಕೆಂಪು ಸೆರಗು ಬರೆದ, ನೇಕಾರರ ಮನೆಯ ಮಗನಲ್ಲವೇ, ಸೆರಗಿನಲ್ಲಿ ನೇಯುವ ಬಿಳಿ ತೆನೆ ಒಂದೊಂದೂ ಎದ್ದು ಕಾಣುವಂತೆ. ಗದಗಿನಿಂದ ಮದುವೆಗೆ ಸೀರೆ ಕೊಳ್ಳಲು ಬಂದ ಒಂದು ಹಿಂಡು ಹೆಂಗಸರು ಅದನ್ನು ನೋಡಿ ನಿಂತು, ಕಸಗುಡಿಸುವಾಕೆಯನ್ನು "ಒಳಗ ಇನ್ನೂ ಬ್ಯಾರೆ ಬಣ್ಣದಾವು ಅದಾವೇನವಾ?" ಎಂದು ಕೇಳಿದರು. ಆಕೆ ಏನು ಹೇಳಿದಳೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಕೊನೆಗೆ ಬಸ್ಸು ನಿಲ್ಲುವ ಗೋಡೆ. ಒಂದೊಂದು ಊರಿನ ಬಸ್ಸು ನಿಲ್ಲುವಲ್ಲಿ ಒಂದೊಂದು ಚಿತ್ರ. ಅಮೀನಗಡಕ್ಕೆ ಕರದಂಟು, ಬನಶಂಕರಿಗೆ ಹೊಂಡ, ಬಾದಾಮಿಗೆ ಮಂಗ. ಬಾದಾಮಿಯ ಹಿರಿಯರೊಬ್ಬರು ಆ ಮಂಗನ ಕೆಳಗೆ ನಿಲ್ಲಲು ಒಪ್ಪಲಿಲ್ಲ.

"ನಮ್ಮೂರಾಗ ಗವಿ ಅದಾವ, ಗುಡಿ ಅದಾವ. ನಿನಗ ಮಂಗ್ಯಾನ ಸಿಕ್ತೇನಲೇ?"

"ಗವಿ ಕುಂತಲ್ಲೇ ಕುಂತಿರ್ತಾವ್ರಿ ಯಜಮಾನ್ರ. ಮಂಗ್ಯಾ ಬಂದು ಕೈಯಾಗಿಂದ ಕಸ್ಕೊಂಡು ಹೋಗ್ತೈತಿ. ಮಂದಿಗೆ ನೆನಪಿರೂದು ಯಾವ್ದು, ನೀವ ಹೇಳ್ರಿ."

ಆ ಗೋಡೆ ಈಗಿಲ್ಲ, ಕಾಕಾನೂ ಇಲ್ಲ. ಇಳಕಲ್ಲಿನಲ್ಲಿ ಇಳಿದಾಗಲೆಲ್ಲ ಒಂದೇ ಒಂದು ಸಲ ಆ ಮಂಗನ ಕೆಳಗೆ ನಿಂತು ಅವನೊಡನೆ ಜಗಳಾಡಬೇಕು ಅನ್ನಿಸುತ್ತದೆ.

ಅಂದು ಆ ಗೋಡೆಯಲ್ಲಿ ಕಮತಗಿಯ ಜಾಗಕ್ಕೆ ಬಂದಾಗ ಕಾಕಾನ ಕುಂಚ ನಿಂತುಬಿಟ್ಟಿತು. ಇಷ್ಟೆಲ್ಲ ಮಾಡಿದ್ದೇ ಆ ಒಂದು ಊರಿಗಾಗಿ, ಅಲ್ಲಿಯೇ ಏನೂ ಹೊಳೆಯಲೊಲ್ಲದು. ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದ ಕಾಕಿಯನ್ನು ಕೇಳಿದ.

"ನಿಮ್ಮೂರಾಗ ಏನ ಐತಿ?"

"ನಮ್ಮವ್ವ ಅದಾಳ್ರಿ."

"ಎಲ್ಲಾರಿಗೂ ಗೊತ್ತಿರೂದು ಹೇಳ."

ಕಾಕಿ ಕೈ ನಿಲ್ಲಿಸಿ ಯೋಚಿಸಿದಳು. "ನನಗ ಬ್ಯಾರೆ ಏನೂ ನೆನಪಾಗವಲ್ದ್ರಿ" ಎಂದಳು.

ಮರುದಿನ ಗೋಡೆಯ ಮೇಲೆ ಒಬ್ಬ ಮುದುಕಿ ಇದ್ದಳು. ಬಾಗಿಲಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಯಾರದೋ ದಾರಿ ನೋಡುವ ಮುದುಕಿ. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಕ್ಕಿತು. "ಇದು ಯಾವ ಊರೋ ಮಾರಾಯಾ? ಯಾರಿಗೆ ತಿಳೀಬೇಕು ಇದು?" ಎಂದು ಕಂಟ್ರೋಲರ್ ತಲೆ ಚಚ್ಚಿಕೊಂಡರು.

"ತಿಳಿಯೋರಿಗೆ ತಿಳಿತೈತ್ರಿ" ಎಂದು ಕಾಕಾ ಕುಂಚ ತೊಳೆದ.

ಆ ವಾರವೇ ಕಾಕಿ ಒಬ್ಬಳೇ ಹೋಗಿ ತಾಯಿಯನ್ನು ಕಂಡು ಬಂದಳು. ಯಾರನ್ನೂ ಏನೂ ಕೇಳಲಿಲ್ಲ. ಆಮೇಲೆ ಬೇಕೆನಿಸಿದಾಗಲೆಲ್ಲ ಹೋದಳು.

ಕೆಲವು ವರ್ಷಕ್ಕೆ ಆ ತಾಯಿ ತೀರಿಕೊಂಡಳು. ಗೋಡೆಯ ಮುದುಕಿಯನ್ನು ಅಳಿಸಲೆಂದು ಕಾಕಾ ಸುಣ್ಣದ ಬಕೆಟ್ಟು ಎತ್ತಿಕೊಂಡಾಗ ಕಾಕಿ "ಇರ್ಲಿ ಬಿಡ್ರಿ" ಎಂದಳು, ಅಷ್ಟೇ. ಅದಾದ ಮೇಲೆ ಒಂದು ಮಧ್ಯಾಹ್ನ ಕಾಕಿ ಮನೆಯಲ್ಲಿ ಕಾಣಲಿಲ್ಲ. ಹುಡುಕಲು ಹೊರಟರೆ ಬಸ್ ಸ್ಟ್ಯಾಂಡಿನ ಕಡೆಯಿಂದ ಬರಿಗೈಯಲ್ಲಿ ಬರುತ್ತಿದ್ದಳು.

"ಯಾವೂರಿಗೆ ಹೊಂಟಿದ್ದಿ ಕಾಕಿ?" ಎಂದೆ.

"ಯಾವೂರಿಗೂ ಇಲ್ಲವ್ವಾ" ಎಂದಳು. "ಅವ್ವನ್ನ ನೋಡಿ ಬಂದೆ."