ಮನೆ ಹೇಗಿದೆಯೋ ಹಾಗೇ ಇರಲಿ

ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಬರುವ ಫೋನು ಒಳ್ಳೆಯದನ್ನು ತರುವುದಿಲ್ಲ ಎಂಬುದು ಭೂತಗನ್ನಡಿಯ ಹಳೆಯ ನಂಬಿಕೆ. ಅವತ್ತು ಫೋನು ಬಂದಾಗ ಅವನ ಬಾಯಿ ತುಂಬ ನೊರೆ. ಆ ಕಡೆ ಇದ್ದವರು ಸಾಕ್ಷಾತ್ ಸಾಹೇಬರು.

"ನೋಡ್ರೀ, ಹೊರದೇಶದಿಂದ ಒಬ್ಬರು ಬಂದಿದ್ದಾರೆ. ನಮ್ಮ ಸಾಮಾನ್ಯ ನೌಕರ ಹೇಗೆ ಬದುಕ್ತಾನೆ ಅಂತ ಕಣ್ಣಾರೆ ನೋಡಬೇಕಂತೆ. ಎಲ್ಲರ ಮನೆ ಯೋಚನೆ ಮಾಡಿದೆ, ನಿಮ್ಮನೇನೇ ಸರಿ ಅನ್ನಿಸ್ತು. ಮಧ್ಯಾಹ್ನದ ಒಳಗೆ ಬರ್ತಾರೆ. ಏನೂ ತಯಾರಿ ಬೇಡ. ಮನೆ ಹೇಗಿದೆಯೋ ಹಾಗೇ ಇರಲಿ. ತಿಳೀತಾ?"

"ಊಂ," ಎಂದ ಭೂತಗನ್ನಡಿ. ನೊರೆಬಾಯಲ್ಲಿ ಅದಕ್ಕಿಂತ ಹೆಚ್ಚು ಹೇಳುವುದು ಸಾಧ್ಯವಿರಲಿಲ್ಲ. ಯಾವ ದೇಶದವರು ಎಂದು ಕೇಳೋಣವೆಂದು ಓಡಿಹೋಗಿ ಉಗುಳಿ ಬರುವಷ್ಟರಲ್ಲಿ ಸಾಹೇಬರು ಫೋನು ಇಟ್ಟಾಗಿತ್ತು.

ಅಷ್ಟೇ. ಯಾವುದೋ ಕತೆಯಲ್ಲಿ ರಾಜನ ಮೂಗಿನ ಮೇಲೆ ಕೂತ ನೊಣದಿಂದ ಯುದ್ಧವೇ ಆಯಿತಂತೆ. ಇಲ್ಲಿ ಒಂದು ಬಾಯಿ ನೊರೆ ಸಾಕಾಯಿತು.

ಅವನು ಕೆಲಸ ಮಾಡುತ್ತಿದ್ದದ್ದು ಸರ್ಕಾರದ ಪರದೇಶ ನೆರವಿನ ಇಲಾಖೆಯಲ್ಲಿ. ನಮಗಿಂತ ಬಡದೇಶಗಳಿಗೆ ನೀರಿನ ಪಂಪು, ಶಾಲೆಯ ಬೆಂಚು, ಸೊಳ್ಳೆಪರದೆ ಕಳಿಸುವ ಇಲಾಖೆ. ನೆರವು ಬೇಕಾದ ದೇಶದವರು ತಮ್ಮ ಬಡತನದ ಫೋಟೋ ಕಳಿಸಬೇಕು. ಅದು ನಿಜವಾದ ಬಡತನವೋ, ಹಾಕಿಕೊಂಡ ವೇಷವೋ ಎಂದು ಭೂತಗನ್ನಡಿ ಹಿಡಿದು ಪರೀಕ್ಷಿಸುವುದು ಇವನ ಹೊಣೆ. 'ಮೂಲೆಯಲ್ಲಿ ನಿಂತ ಮುದುಕನ ಚಪ್ಪಲಿ ಹೊಸದು, ಅನುಮಾನಾಸ್ಪದ.' 'ಹಿಂದಿರುವ ಹಸು ದುಂಡಗಿದೆ, ಇವರಿಗೆ ಬರ ಎಲ್ಲಿಯದು?' ಹೀಗೆ ಷರಾ ಬರೆದೂ ಬರೆದೂ ಅಪ್ಪ ಅಮ್ಮ ಇಟ್ಟ ಹೆಸರು ಮಾಸಿಹೋಗಿ, ಕೈಯಲ್ಲಿದ್ದ ವಸ್ತುವಿನ ಹೆಸರೇ ಅವನಿಗೆ ಅಂಟಿಕೊಂಡಿತ್ತು. ಅನುಮಾನವೇನು ಕೊಡೆಯೇ, ಕಚೇರಿಯ ಮೂಲೆಯಲ್ಲಿ ಒರಗಿಸಿ ಬರುವುದಕ್ಕೆ? ಅದು ಅವನ ಜೊತೆ ಮನೆಗೂ ಬರುತ್ತಿತ್ತು, ಪಕ್ಕದಲ್ಲೇ ಮಲಗುತ್ತಿತ್ತು.

ಆ ಅನುಮಾನವೇ ಈಗ ಎದ್ದು ಕೂತಿತು. ಹೇಗಿದೆಯೋ ಹಾಗೇ ಇರಲಿ ಅಂದರೇನು? ಸಾಹೇಬರ ಮಾತನ್ನು ಕನ್ನಡಿಯಲ್ಲಿ ಹಿಡಿದು ಓದಬೇಕೆಂಬುದು ಇಲಾಖೆಯಲ್ಲಿ ಜವಾನನಿಗೂ ಗೊತ್ತು. 'ಅವಸರವೇನಿಲ್ಲ' ಎಂದರೆ ಸಂಜೆಯೊಳಗೆ ಬೇಕು. 'ನಿಮ್ಮಿಷ್ಟ' ಎಂದರೆ ನನ್ನಿಷ್ಟ. 'ನನಗೇನೂ ಬೇಡಪ್ಪಾ' ಎಂದರೆ ಎರಡು ಇರಲಿ.

ಅದೂ ಅಲ್ಲದೆ ಇದು ಸುಮ್ಮನೆ ಬಂದು ಹೋಗುವ ಅತಿಥಿಯ ಮಾತಾಗಿರಲಿಲ್ಲ. ಪಂಪುಗಳ ಮೇಲ್ವಿಚಾರಣೆಗೆಂದು ಒಂದು ಬಡದೇಶಕ್ಕೆ ಇಲಾಖೆಯಿಂದ ಒಬ್ಬನನ್ನು ಕಳಿಸುವುದಿತ್ತು. ಎರಡು ವರ್ಷ, ದುಪ್ಪಟ್ಟು ಸಂಬಳ, ಇರಲು ಬಂಗಲೆ. ಭೂತಗನ್ನಡಿಯ ಹೆಸರು ಮುಂದೆ ಇತ್ತು. ಆದರೆ ಆ ದೇಶದವರು 'ಹೂಂ, ಈ ಮನುಷ್ಯ ಆಗಬಹುದು' ಅನ್ನಬೇಕಿತ್ತು. ಬರುತ್ತಿರುವವನು ಅಲ್ಲಿಯವನೇ, ತನ್ನನ್ನು ಅಳೆಯುವುದಕ್ಕೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಜನ್ಮದಲ್ಲಿ ಅವನು ಸಂಶಯಪಡದೆ ಬಿಟ್ಟದ್ದು ಅದೊಂದನ್ನೇ.

"ರೀ, ಸಾಹೇಬ್ರು ಹಾಗೇ ಇರಲಿ ಅಂದ್ರಲ್ಲ," ಎಂದಳು ಹೆಂಡತಿ.

"ನಿಂಗೆ ಇಲಾಖೆ ಭಾಷೆ ಗೊತ್ತಿಲ್ಲ, ಸುಮ್ನಿರು. ಕೊಡೋ ದೇಶದವನ ಮನೇಲಿ ಕಾಲಿಗೆ ಹಗ್ಗ ಕಟ್ಟಿದ ಕುರ್ಚಿ ಕಂಡ್ರೆ, ಈಸ್ಕೊಳ್ಳೋ ದೇಶದವನು ಏನಂದ್ಕೋತಾನೆ? ಇವನೇ ನಮ್ಮ ಪಂಪು ಕದ್ದು ಮಾರ್ತಾನೆ ಅಂತಾನೆ."

ಹೆಂಡತಿ ಒಂದು ಕ್ಷಣ ಆ ಬಂಗಲೆಯನ್ನು ನೆನೆದಳು. "ಅಲ್ಲಿ ನಲ್ಲೀಲಿ ದಿನಾ ನೀರು ಬರುತ್ತೇನ್ರೀ?"

"ನಾವೇ ಪಂಪು ಕಳಿಸಿರೋದು, ಬರದೆ ಏನು?"

ಅಷ್ಟು ಸಾಕಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಎದುರುಮನೆಗೆ ಓಡಿದಳು.

ಎದುರುಮನೆ ಟೈಲರಮ್ಮನ ಬಳಿ ಗಿರಾಕಿಗಳು ಕೂರುವ ಕೆಂಪು ಸೋಫಾ ಇತ್ತು. ಮೇಲಿನ ಮಹಡಿಯ ರಿಟೈರ್ಡ್ ಮೇಷ್ಟ್ರ ಹತ್ತಿರ ಫ್ರಿಜ್ಜು. ಪಕ್ಕದಮನೆ ಕಂಪೌಂಡರಣ್ಣನ ಹತ್ತಿರ ಗೋಡೆಯಗಲದ ಟಿ.ವಿ. ಕೇಳಿದ್ದಕ್ಕೆ ಮೂವರೂ ಇಲ್ಲ ಎನ್ನಲಿಲ್ಲ, ಆದರೆ ಮೂವರ ಕಣ್ಣೂ ಕಿರಿದಾದವು.

"ಕೊಡೋಕೇನು, ಕೊಡೋಣ. ಆದ್ರೆ ಇದೆಲ್ಲ ಇಷ್ಟು ದಿಢೀರ್ ಅಂತ ಯಾಕೆ?" ಎಂದಳು ಟೈಲರಮ್ಮ. "ಸೋಫಾ ಜೊತೆ ನಾನೂ ಬರ್ತೀನಿ. ಅದಕ್ಕೆ ನಾನಿಲ್ದೆ ಅಭ್ಯಾಸ ಇಲ್ಲ."

"ನನ್ನ ಫ್ರಿಜ್ಜು ಯಾರು ಅಂದ್ರೆ ಅವ್ರು ಮುಟ್ಟಿದ್ರೆ ಓಡಲ್ಲ," ಎಂದು ಮೇಷ್ಟ್ರೂ ಇಳಿದು ಬಂದರು. ಕಂಪೌಂಡರಣ್ಣ ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ಟಿ.ವಿ.ಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು, ನಿಧಿ ಕಾಯುವ ಸರ್ಪದ ಹಾಗೆ ಕೂತುಬಿಟ್ಟ.

ಮೆಟ್ಟಿಲಲ್ಲಿ ಫ್ರಿಜ್ಜು ಅರ್ಧದಾರಿಗೆ ಸಿಕ್ಕಿಕೊಂಡು, ಮೇಷ್ಟ್ರು ಮೇಲೆ, ಭೂತಗನ್ನಡಿ ಕೆಳಗೆ, ಇಬ್ಬರೂ ಒಬ್ಬರನ್ನೊಬ್ಬರು ಕಾಣದೆ ಬೈದಾಡಿಕೊಂಡದ್ದು ಬೇರೆಯೇ ಪುರಾಣ. ಅಂತೂ ಅದು ಇಳಿದಾಗ ಅವನ ಅಂಗಿಯ ಒಂದು ತೋಳು ಅದರ ಹಿಡಿಕೆಯಲ್ಲಿತ್ತು.

ಬಾಗಿಲು ಸದ್ದಾಯಿತು.

ಬಂದವನನ್ನು ನೋಡಿ ಭೂತಗನ್ನಡಿಯ ಎದೆ ಹಗುರಾಯಿತು. ಒಗೆದು ಒಗೆದು ಬಣ್ಣ ಮರೆತ ಅಂಗಿ. ಹೊಲಿಗೆ ಹಾಕಿದ ಚಪ್ಪಲಿ. ಹೆಗಲಲ್ಲಿ ಇಲಿ ಕಡಿದಂತಿದ್ದ ಚೀಲ. 'ಅಯ್ಯೋ ಪಾಪ, ಇದು ಅಸಲಿ ಬಡತನ. ಭೂತಗನ್ನಡಿಯೇ ಬೇಡ,' ಎಂದುಕೊಂಡ.

"ನಮಸ್ಕಾರ. ತಮ್ಮ ಗೃಹವನ್ನು ವೀಕ್ಷಿಸಲು ಆಗಮಿಸಿದ್ದೇನೆ," ಎಂದ ಅತಿಥಿ. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನು, ಪುಸ್ತಕದ ಹಾಗೆಯೇ ಮಾತಾಡುತ್ತಿದ್ದ. "ಇವರೆಲ್ಲರೂ?"

"ನಮ್ಮತ್ತೆ, ನಮ್ಮ ದೊಡ್ಡಪ್ಪ, ನಮ್ಮ ಭಾವ," ಎಂದ ಭೂತಗನ್ನಡಿ ಸೋಫಾ, ಫ್ರಿಜ್ಜು, ಟಿ.ವಿ.ಗಳನ್ನು ಅದೇ ಕ್ರಮದಲ್ಲಿ ತೋರಿಸುತ್ತ. ಅವನಿಗಿಂತ ನಾಲ್ಕು ವರ್ಷ ಚಿಕ್ಕವಳಾದ ಟೈಲರಮ್ಮ, ಅತ್ತೆ ಎಂಬುದನ್ನು ಕೇಳಿ ಅವನನ್ನು ಸೂಜಿಯಲ್ಲಿ ಚುಚ್ಚಿದಂತೆ ನೋಡಿದಳು.

"ಈ ಶೀತಪೆಟ್ಟಿಗೆ ತಮ್ಮದೇ?"

"ನಮ್ದೇ," ಎಂದರು ಭೂತಗನ್ನಡಿ ಮತ್ತು ಮೇಷ್ಟ್ರು ಒಟ್ಟಿಗೆ.

ಅತಿಥಿ ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ಒಂದು ಬಟ್ಟಲು. ಬಟ್ಟಲ ನೀರಲ್ಲಿ ಮೇಷ್ಟ್ರ ಹಲ್ಲುಸೆಟ್ಟು ನಗುತ್ತಿತ್ತು. ಸೆಕೆಗೆ ತಂಪಾಗಿರಲಿ ಎಂದು ಅಲ್ಲಿಡುವುದು ಅವರ ರೂಢಿ; ಫ್ರಿಜ್ಜು ಇಳಿದದ್ದೇ ತಡ, ಮತ್ತೆ ಇಟ್ಟಿದ್ದರು.

"ಇದು?"

ಭೂತಗನ್ನಡಿ ಬೆವರಿದ. "ಅದು... ಸ್ಪೇರ್."

"ದಂತಗಳು ಸಹ ಹೆಚ್ಚುವರಿ ಇವೆ!" ಎಂದು ಅತಿಥಿ ಉಸಿರೆಳೆದುಕೊಂಡ. ಅವನ ಮುಖ ಯಾಕೋ ಸಪ್ಪಗಾಯಿತು. 'ಹೊಟ್ಟೆಯುರಿ,' ಎಂದು ಭೂತಗನ್ನಡಿ ಮನಸ್ಸಿನಲ್ಲೇ ಷರಾ ಬರೆದ.

"ಜಲದ ಅಭಾವವಿಲ್ಲವೇ?"

"ಹಗಲೂ ರಾತ್ರಿ ಬರುತ್ತೆ. ನಿಲ್ಲಿಸೋದೇ ಕಷ್ಟ." ಚಹಾ ತರುತ್ತಿದ್ದ ಹೆಂಡತಿಗೆ ಕೆಮ್ಮು ಬಂತು. ಆ ಚಹಾದ ನೀರಿಗೆ ಅವಳು ನಾಲ್ಕು ಮನೆ ತಿರುಗಿದ್ದಳು.

"ರೋಗ ಬಂದರೆ? ಔಷಧ?"

"ಬೇಕಾದಷ್ಟು!" ಎಂದು ಕಂಪೌಂಡರಣ್ಣ ತಾನಾಗಿ ಬಾಯಿ ಹಾಕಿದ. "ಇವ್ರಿಗೆ ರೋಗಾನೇ ಸಾಲಲ್ಲ."

ಅತಿಥಿ ಚಹಾ ಲೋಟವನ್ನು ಕೆಳಗಿಟ್ಟ. "ತಮಗೆ ಯಾವ ಕೊರತೆಯೂ ಇಲ್ಲವೇ? ಒಂದೂ? ಜ್ಞಾಪಿಸಿಕೊಳ್ಳಿ." ಅದರಲ್ಲಿ ಬೇಡುವ ದನಿಯಿತ್ತು.

"ಇಲ್ಲ ಸ್ವಾಮಿ. ನಮ್ಮದು ಕೊಡೋ ಕೈ. ಬಡದೇಶಗಳಿಗೆ ಕೊಡೋದೇ ನನ್ನ ಉದ್ಯೋಗ," ಎಂದು ಭೂತಗನ್ನಡಿ ಎದೆಯುಬ್ಬಿಸಿದ.

ಅತಿಥಿ ಅವನನ್ನು ಅನುಮಾನದಿಂದ ನೋಡಿ, ಕೈಮುಗಿದು, ಹೊಲಿಗೆ ಹಾಕಿದ ಚಪ್ಪಲಿ ಮೆಟ್ಟಿ ಹೊರಟುಹೋದ.

"ಗೆದ್ದೆ ಕಣೇ!" ಎಂದು ಭೂತಗನ್ನಡಿ ಸೋಫಾದ ಮೇಲೆ ಬಿದ್ದ. "ಏಳಿ ಮೇಲೆ," ಎಂದಳು ಟೈಲರಮ್ಮ.

ಮಧ್ಯಾಹ್ನ ಫೋನು ಬಂತು. ಈ ಸಲ ಬಾಯಲ್ಲಿ ನೊರೆ ಇದ್ದದ್ದು ಸಾಹೇಬರಿಗೆ.

"ಏನ್ರೀ ಮಾಡಿದ್ರಿ? ಸೋಫಾ ಅಂತೆ, ಫ್ರಿಜ್ಜಂತೆ, ಸ್ಪೇರ್ ಹಲ್ಲಂತೆ! ಇಲಾಖೇಲೇ ಅತ್ಯಂತ ದರಿದ್ರ ಮನೆ ಅಂತ ಹುಡುಕಿ ಹುಡುಕಿ ನಿಮ್ಮನೆಗೆ ಕಳಿಸಿದ್ನಲ್ರೀ!"

"ಸಾರ್, ಆ ಬಡದೇಶದೋರಿಗೆ..."

"ಯಾವ ಬಡದೇಶ? ಅವ್ರು ನಮಗೆ ಕೊಡೋ ದೇಶದೋರು ಕಣ್ರೀ! ಸಾಹುಕಾರ ದೇಶ!"

"ಆದ್ರೆ ಆ ಚಪ್ಪಲಿ, ಆ ಚೀಲ..."

"ಬಡದೇಶದೋರು ಬರೋದು ಸೂಟುಬೂಟಲ್ಲಿ. ಹರುಕು ಚಪ್ಪಲಿ ಹಾಕ್ಕೊಂಡು ಮೆರೆಯೋ ಧೈರ್ಯ ಸಾಹುಕಾರರಿಗೆ ಮಾತ್ರ ಇರೋದು. ಇಷ್ಟು ವರ್ಷ ಏನ್ರೀ ನೋಡಿದ್ರಿ ಆ ಕನ್ನಡೀಲಿ? ನಾವು ಹಂಚೋ ಪಂಪು, ಬೆಂಚು ಎಲ್ಲಾ ಅವ್ರು ಕೊಟ್ಟ ದುಡ್ಡಲ್ಲಿ. ನಿಮ್ಮ ಸಂಬಳಾನೂ. ಅವ್ರು ಕೈ ಎತ್ತಿದ್ರೆ ನಮ್ಮ ಇಲಾಖೆಗೇ ಬೀಗ. ವಿದೇಶದ ಕೆಲಸ ಹಾಗಿರಲಿ, ನಿಮಗೆ ಕೂರೋಕೆ ಕುರ್ಚೀನೂ ಇರಲ್ಲ."

ಭೂತಗನ್ನಡಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಕೇಳಿಸ್ಕೊಳ್ಳಿ. ವಿಮಾನ ಹತ್ತೋ ಮುಂಚೆ ಥ್ಯಾಂಕ್ಸ್ ಹೇಳೋ ನೆಪದಲ್ಲಿ ನಾನೇ ಅವ್ರನ್ನ ಇನ್ನೊಂದ್ಸಲ ಕರ್ಕೊಂಡು ಬರ್ತೀನಿ. ಆ ಸಾಮಾನೆಲ್ಲ ಎರವಲು ಅಂತ ಒಪ್ಕೊಂಡ್ರೆ ನಾವು ಸುಳ್ಳರಾಗ್ತೀವಿ, ಬಾಯಿ ಬಿಡಬೇಡಿ. ಮನೆ ಖಾಲಿ ಕಾಣಬೇಕು, ಅಷ್ಟೆ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಸುದ್ದಿ ಕೇಳಿದ ನೆರೆಹೊರೆಯವರಿಗೆ ಸಾಮಾನು ಹಿಂದಕ್ಕೆ ಸಿಗುವ ಸಂಭ್ರಮ. ಸೋಫಾ ಹೋಯಿತು, ಟಿ.ವಿ. ಹೋಯಿತು, ಫ್ರಿಜ್ಜು ಬೈಗುಳದ ಎರಡನೆಯ ಅಧ್ಯಾಯದೊಂದಿಗೆ ಮೆಟ್ಟಿಲು ಹತ್ತಿತು. ಆಮೇಲೆ ಮೂವರೂ ಸೊಂಟದ ಮೇಲೆ ಕೈಯಿಟ್ಟು ಮಿಕ್ಕ ಮನೆಯನ್ನು ನೋಡಿದರು.

"ಮಂಚ ಇರೋ ಮನೆ ಬಡಮನೆನಾ?" ಎಂದ ಕಂಪೌಂಡರಣ್ಣ. "ಕೊಡಿ, ನಮ್ಮನೇಲಿ ಜೋಪಾನವಾಗಿರುತ್ತೆ."

"ಮಿಕ್ಸಿ ಕಂಡ್ರೆ ಅನುಮಾನ ಬರುತ್ತಮ್ಮ," ಎಂದು ಟೈಲರಮ್ಮ ಅದನ್ನು ಮಗುವಿನಂತೆ ಎತ್ತಿಕೊಂಡಳು.

ಭೂತಗನ್ನಡಿಗೂ ಹುರುಪು ಬಂತು. ಇಂಥ ಫೋಟೋಗಳಲ್ಲಿ ಇನ್ನೊಬ್ಬರನ್ನು ಹಿಡಿದುಹಾಕಿದವನಲ್ಲವೇ ಅವನು! "ಆ ಕ್ಯಾಲೆಂಡರ್ ಈ ವರ್ಷದ್ದು, ತೆಗೀರಿ. ಬಲ್ಬು ಉರೀತಿದೆ, ಬಿಚ್ಚಿ. ಪರದೆಗೆ ಕೊಕ್ಕೆ ಪೂರ್ತಿ ಇದೆ, ಯಾರು ನಂಬ್ತಾರೆ?" ಎಂದು ತಾನೇ ಕೈಯೆತ್ತಿ ಕೊಟ್ಟ. ಪಾತ್ರೆ ಹೋಯಿತು, ಹಾಸಿಗೆ ಹೋಯಿತು, ಬಟ್ಟೆಯ ಪೆಟ್ಟಿಗೆ ಹೋಯಿತು.

"ರೀ, ಟೈಲರಮ್ಮನ ಮುಖ ನೋಡಿ. ಜೋಪಾನ ಮಾಡೋ ಮುಖ ಅಲ್ಲ ಅದು," ಎಂದು ಹೆಂಡತಿ ಪಿಸುಗುಟ್ಟಿದಳು.

ಕೊನೆಗೆ ಕಂಪೌಂಡರಣ್ಣ ಬಾಗಿಲನ್ನು ತಟ್ಟಿ ನೋಡಿದ. "ಒಳ್ಳೇ ಮರ. ಬಾಗಿಲು ಇದ್ರೆ ಒಳಗೇನೋ ಇದೆ ಅಂತ ಅರ್ಥ. ಇದೂ ಬೇಡ." ಬಾಗಿಲೂ ಕೀಲಿನಿಂದ ಇಳಿಯಿತು. ಮನೆ ಈಗ ಹಲ್ಲುದುರಿದ ಬಾಯಿಯಂತೆ ಬೀದಿಗೆ ತೆರೆದು ನಿಂತಿತು.

ಸಂಜೆ ಸಾಹೇಬರು ಅತಿಥಿಯನ್ನು ಕರೆತಂದರು. ಬೀದಿಗೆ ಬೀದಿಯೇ ಆಚೆ ನಿಂತು ನೋಡುತ್ತಿತ್ತು. ಬರಿನೆಲದ ಮೇಲೆ ಗಂಡ ಹೆಂಡತಿ ಕೂತಿದ್ದರು. ಅತಿಥಿ ಒಳಗೆ ಕಾಲಿಟ್ಟು, ಸೋಫಾ ಇದ್ದ ಜಾಗ ನೋಡಿದ, ಬಲ್ಬು ಇಲ್ಲದ ವೈರು ನೋಡಿದ.

"ನೋಡಿದ್ರಾ ಸಾರ್," ಎಂದು ಸಾಹೇಬರು ಶುರುಮಾಡಿದರು, "ನಮ್ಮ ನಿಜವಾದ ಸ್ಥಿತಿ..."

ಅತಿಥಿ ಕೈಯೆತ್ತಿ ತಡೆದ. ಅವನ ಕಣ್ಣಲ್ಲಿ ನೀರಿತ್ತು.

"ಬರುವ ದಾರಿಯಲ್ಲಿಯೇ ಎಲ್ಲವನ್ನೂ ಕಂಡೆ. ಇವರ ಕೆಂಪು ಸೋಫಾ ಎದುರಿನಲ್ಲಿ ಇವರ ಬಡ ಅತ್ತೆಯ ಮನೆಯಲ್ಲಿದೆ. ಇವರ ಮಂಚದ ಮೇಲೆ ಪಕ್ಕದ ಗೃಹದಲ್ಲಿ ಇವರ ಭಾವನವರು ಪವಡಿಸಿದ್ದಾರೆ. ಬೆಳಿಗ್ಗೆ ಇವರು ತಮ್ಮದು ಕೊಡುವ ಕೈ ಎಂದಾಗ ನಾನು ಅನುಮಾನಿಸಿದೆ. ನನ್ನನ್ನು ಕ್ಷಮಿಸಬೇಕು." ಅವನು ಭೂತಗನ್ನಡಿಯ ಎರಡೂ ಕೈ ಹಿಡಿದುಕೊಂಡ. "ಒಂದೇ ಮಧ್ಯಾಹ್ನದಲ್ಲಿ ಸಮಸ್ತವನ್ನೂ ಇಲ್ಲದವರಿಗೆ ಕೊಟ್ಟುಬಿಟ್ಟಿರಿ. ಬಾಗಿಲನ್ನು ಸಹ! ಇಂಥ ಜನರಿರುವ ದೇಶಕ್ಕೆ ನಾವು ನೆರವು ನೀಡುವುದೆಂದರೆ ಅವಮಾನ ಮಾಡಿದಂತೆ. ಇನ್ನು ಮುಂದೆ ನೀಡಲಾರೆವು."

"ಅಯ್ಯೋ, ಅವಮಾನ ಮಾಡಿ ಸಾರ್! ಪರವಾಗಿಲ್ಲ, ಮಾಡಿ!" ಎಂದು ಸಾಹೇಬರು ಹಿಂದೆಯೇ ಓಡಿದರು. ಕಾರಿನ ಬಾಗಿಲು ಹಾಕಿಕೊಂಡಿತು. ಸಾಹೇಬರು ತಿರುಗಿ ಒಂದೇ ಮಾತು ಹೇಳಿದರು: "ನಾಳೆ ಇಲಾಖೆಗೆ ಬೀಗ. ಬಂದು ನಿಮ್ಮ ಸಾಮಾನು ತಗೊಂಡು ಹೋಗಿ."

ಇಲಾಖೆಯ ಸಾಮಾನು ನಾಳೆಯ ಮಾತು. ಮನೆಯ ಸಾಮಾನಿಗಾಗಿ ಭೂತಗನ್ನಡಿ ಎದುರುಮನೆಗೆ ಹೋದ. ಟೈಲರಮ್ಮ ಮಿಕ್ಸಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು.

"ಎಂಥ ದೊಡ್ಡ ಮನಸ್ಸು ನಿಮ್ದು! ಹೊರದೇಶದೋರೇ ಕಣ್ಣೀರು ಹಾಕಿದ್ರಲ್ಲ. ಈಗ ವಾಪಸ್ ಕೇಳಿದ್ರೆ ಜನ ಏನಂತಾರೆ?" ಎಂದು ಅವಳು ಒಳಗೆ ಹೋದಳು. "ಅತ್ತೆ ಅಂದ್ರಲ್ಲ, ಅತ್ತೆಗೆ ಕೊಟ್ಟೆ ಅಂದ್ಕೊಳ್ಳಿ."

ಮೇಲಿನ ಮಹಡಿಯಲ್ಲಿ ಮೇಷ್ಟ್ರು ಪಾತ್ರೆಗಳ ಮಧ್ಯೆ ಕೂತು, ದಾನದ ಮಹಿಮೆಯ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡುವ ಹುನ್ನಾರದಲ್ಲಿದ್ದರು. ಅವನು ಮೆಟ್ಟಿಲಲ್ಲೇ ತಿರುಗಿ ಪಕ್ಕದಮನೆಗೆ ಬಂದ. ಕಂಪೌಂಡರಣ್ಣ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ.

"ಮಂಚ ಇರಲಿ ಅಣ್ಣಾ," ಎಂದ ಭೂತಗನ್ನಡಿ, ದನಿ ಇಳಿಸಿ. "ಹಾಸಿಗೇನೂ ಇರಲಿ. ಆ ಬಾಗಿಲೊಂದನ್ನ ಕೊಟ್ಟುಬಿಡು."

ಕಂಪೌಂಡರಣ್ಣ ಎದ್ದು ಕೂತು ಅವನನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿದ.

"ಬಾಗಿಲು ಯಾಕೆ?" ಎಂದ. "ಒಳಗೆ ಏನು ಬಚ್ಚಿಟ್ಟಿದ್ದೀಯ?"