ಕೋಚ್ ಸಾಹೇಬರ ಮೂರು ಕೋಟು

ಅಳತೆ ಕೊಡಲು ನಿಂತ ಮನುಷ್ಯನಿಗೆ ಮಾತಾಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಎರಡೂ ಕೈ ಚಾಚಿರುತ್ತಾನೆ, ಸೊಂಟದ ಸುತ್ತ ಟೇಪು, ಮೈತುಂಬ ಗುಂಡುಸೂಜಿ. ಓಡಿಹೋಗುವಂತಿಲ್ಲ. ಹಾಗಾಗಿ ಎಪ್ಪತ್ತರ ದಶಕದಲ್ಲಿ ಡೆಟ್ರಾಯಿಟ್ ಹೊರವಲಯದ ನನ್ನ ಹೊಲಿಗೆ ಅಂಗಡಿಯಲ್ಲಿ ನಗುವ ಸಂಗತಿಗಳು ತಾವಾಗಿಯೇ ನಡೆದುಕೊಂಡು ಬರುತ್ತಿದ್ದವು. ನಾನು ಬಾಗಿಲು ತೆಗೆದಿಟ್ಟರೆ ಸಾಕಿತ್ತು.

ಅಂಗಡಿ ನನ್ನದು, ಯಾರೂ ಎತ್ತಿ ಕೊಟ್ಟದ್ದಲ್ಲ. ಅರವತ್ತರ ದಶಕದ ಕೊನೆಯಲ್ಲಿ, ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ನಮ್ಮ ಯಜಮಾನರ ಜೊತೆ ಮೈಸೂರಿನಿಂದ ಬಂದಾಗ ನನ್ನ ಕೈಯಲ್ಲಿದ್ದ ವಿದ್ಯೆ ರವಿಕೆ ಹೊಲಿಯುವುದೊಂದೇ. ಸ್ಕೂಲಿಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಇಂಗ್ಲಿಷನ್ನು ನಾನೇ ಕಲಿತೆ, ಅದೂ ಪೇಪರಿನ ಆಟದ ಪುಟದಿಂದ. ಮೊದಲ ಪುಟ ಪೂರ್ತಿ ಓದಿದರೂ ಯಾರು ಗೆದ್ದರು, ಯಾರು ಸೋತರು ಎಂದು ತಿಳಿಯುವುದಿಲ್ಲ. ಆಟದ ಪುಟದವರು ಮೊದಲ ಸಾಲಿನಲ್ಲೇ ಹೇಳಿ ಮುಗಿಸುತ್ತಾರೆ.

ಒಂದು ಸಾಕು

ಒಂದು ದಿನ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಒಬ್ಬರು ಒಳಗೆ ಬಂದರು. ಅಳತೆ ತೆಗೆಯಲು ನಾನು ಸ್ಟೂಲ್ ಹತ್ತಬೇಕಾಯಿತು. ಷಿಕಾಗೋ ಕಡೆಯ ಒಂದು ಚಿಕ್ಕ ಕಾಲೇಜಿನಲ್ಲಿ ಬಹಳ ವರ್ಷ ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದರಂತೆ. ಈಗ ಪ್ರೊಫೆಷನಲ್ ಲೀಗಿನಲ್ಲಿ ಆಡುವ ಇಲ್ಲಿನ ತಂಡಕ್ಕೆ ಬಂದಿದ್ದಾರೆ. ಕಾಲೇಜಿನಲ್ಲಿ ಒಂದೇ ಸ್ವೆಟರಿನಲ್ಲಿ ಕಾಲ ಹಾಕಿದವರು. ಇಲ್ಲಿ ಟೀವಿಯಲ್ಲಿ ಬರುತ್ತೀರಿ, ಕೋಟು ಹಾಕಿ ಎಂದು ತಂಡದ ಮಾಲೀಕರ ಆಜ್ಞೆ.

"ಮೂರು ಕೋಟು ಬೇಕು," ಅಂದರು.

"ಎಷ್ಟು ವರ್ಷದ ಕೆಲಸ?" ಅಂತ ಕೇಳಿದೆ.

"ಕಾಂಟ್ರಾಕ್ಟು ಮೂರು ವರ್ಷ. ಆದರೆ ತಂಡ ಸೋಲ್ತಾ ಹೋದರೆ ಯಾವತ್ತು ಬೇಕಾದರೂ ತೆಗೀಬಹುದು."

"ಹಾಗಾದರೆ ಈಗ ಒಂದು ಹೊಲಿಸಿ. ಮುಂದಿನದು ನೋಡೋಣ."

ಕೋಚ್ ಸಾಹೇಬರ ಮುಖ ಬಾಡಿತು. "ನಮ್ಮ ಮಾವನೂ ಇದನ್ನೇ ಹೇಳಿದ್ದು. ದೊಡ್ಡ ಲೀಗು ನಿನ್ನಂಥವನಿಗಲ್ಲ, ಒಂದು ಸೀಸನ್ನೂ ನಿಲ್ಲಲ್ಲ, ಅವರೇ ಕಳಿಸ್ತಾರೆ ಅಂತ."

ನಾನು ಅಂಗಡಿ ಇಡುತ್ತೇನೆ ಎಂದಾಗ ನಮ್ಮತ್ತೆಯೂ ಮೈಸೂರಿನಿಂದ ಇಂಥದ್ದೇ ಹರಸಿ ಬರೆದಿದ್ದರು. ನನಗೆ ರೇಗಿತು.

"ಮಾವ ಹಾಗಂದರಾ? ಹಾಗಾದರೆ ಮೂರೂ ಹೊಲಿಸಿ. ಕೈ ಎತ್ತಿ!" ಅಂದೆ.

ಒಳಗೆ ಬಿಟ್ಟ ಬಟ್ಟೆ

ಕೋಟು ತೊಟ್ಟು ನೋಡಿದ ಕೋಚ್ ಸಾಹೇಬರು ಬಗಲಿನ ಹತ್ತಿರ ಹಿಸುಕಿ ಹಿಸುಕಿ ನೋಡಿದರು. "ಇದೇನು, ಒಳಗಡೆ ಇಷ್ಟು ದಪ್ಪ?"

"ಬಟ್ಟೆ ಬಿಟ್ಟಿದೀನಿ. ನಮ್ಮ ಕಡೆ ರವಿಕೆಗೂ ಹೀಗೇ ಬಿಡ್ತೀವಿ. ಮೈ ಬಂದರೆ ಒಂದು ಹೊಲಿಗೆ ಬಿಚ್ಚಿದರಾಯ್ತು."

"ಮ್ಯಾಡಂ, ಮದುವೆ ಆದಾಗಿನಿಂದ ನನ್ನದು ಒಂದೇ ಅಳತೆ. ನಾನು ಬೆಳೆಯೋ ವಯಸ್ಸಲ್ಲ."

"ಇರಲಿ, ಬಟ್ಟೆ ಹಾಳಾಗಲ್ಲ," ಅಂದೆ. ಅಮೆರಿಕದ ದರ್ಜಿಗಳು ಒಳಗಿನ ಬಟ್ಟೆಯನ್ನು ಕಚಕ್ಕನೆ ಕತ್ತರಿಸಿ ಬಿಸಾಡುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಸೀಸನ್ ಶುರುವಾಯಿತು. ತಂಡ ಸೋತಿತು, ಮತ್ತೆ ಸೋತಿತು. ಕೆಲವರಿಗೆ ಚಿಂತೆ ಬಂದರೆ ಊಟ ಸೇರುವುದಿಲ್ಲ. ಇವರಿಗೆ ಸೋತ ಮರುದಿನ ಡೋನಟ್ ಅಂಗಡಿ ತೆರೆಯುವವರೆಗೂ ತಡೆಯಲಾಗುತ್ತಿರಲಿಲ್ಲ. ಕ್ರಿಸ್ಮಸ್ ಹೊತ್ತಿಗೆ ಮೂರೂ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದು ಕೌಂಟರ್ ಮೇಲಿಟ್ಟರು. ನಾನು ಹೊಲಿಗೆ ಬಿಚ್ಚಿದೆ.

ತೊಟ್ಟು ನೋಡಿ, ಉಸಿರು ಬಿಟ್ಟು, ಮೆಲ್ಲಗೆ ಕೇಳಿದರು: "ಒಳಗೆ ಇನ್ನೂ ಉಳಿದಿದೆಯಾ?"

"ಇನ್ನೊಂದು ನಾಲ್ಕು ಸೋಲಿಗೆ ಆಗುವಷ್ಟಿದೆ," ಅಂದೆ.

ಗೋಡೆಯ ಮೇಲಿನ ಹೆಸರು

ಅವರ ಸಂಕಟವೆಲ್ಲ ಆಟಗಾರರದ್ದೇ. "ಕಾಲೇಜಲ್ಲಿ ಓಡಿ ಅಂದರೆ ಓಡೋರು. ಇಲ್ಲಿ ಓಡಿ ಅಂದರೆ ಯಾಕೆ ಅಂತಾರೆ. ಯಾಕೆ ಅಂತ ಹೇಳಿ ಮುಗಿಸೋ ಹೊತ್ತಿಗೆ ಪ್ರಾಕ್ಟೀಸ್ ಮುಗಿದಿರುತ್ತೆ," ಅನ್ನುತ್ತಿದ್ದರು. ಅದರಲ್ಲೂ ತಂಡದ ದೊಡ್ಡ ಸ್ಟಾರ್ ಒಬ್ಬ ಇದ್ದ. ಅವನ ಸಂಬಳ ಕೋಚ್ ಸಾಹೇಬರದಕ್ಕಿಂತ ಎಷ್ಟೋ ಪಟ್ಟು. ಅವನ ಬಾಯಿಯೂ ಅದೇ ಲೆಕ್ಕದಲ್ಲಿತ್ತು. ಇವರು ಒಂದು ಮಾತು ಶುರು ಮಾಡಿದರೆ ಅವನು ಹತ್ತು ಮಾತಲ್ಲಿ ಮುಗಿಸುವನು.

ಆ ಸ್ಟಾರು ದಿನಾ ತನ್ನ ಕಾರನ್ನು ಕೋಚ್ ಕಾರಿಗೆಂದು ಬಿಟ್ಟ ಜಾಗದಲ್ಲಿ ನಿಲ್ಲಿಸುತ್ತಿದ್ದ. ಕೇಳಿದರೆ, "ಇಲ್ಲಿ ನಿಮ್ಮ ಹೆಸರಿಲ್ಲವಲ್ಲ," ಅನ್ನುತ್ತಿದ್ದನಂತೆ. ಕೋಚ್ ಸಾಹೇಬರು ಮಾಲೀಕರ ಆಫೀಸಿಗೆ ಹೋಗಿ ಹಟ ಹಿಡಿದು ಕೂತರು. ಕೊನೆಗೆ ಒಬ್ಬ ಪೇಂಟರ್ ಬಂದ. ಗೋಡೆಯ ಮೇಲೆ ಅಂದವಾಗಿ 'ಕೋಚ್' ಎಂದು ಬರೆದು ಡಬ್ಬ ಮುಚ್ಚಿದ.

"ನನ್ನ ಹೆಸರು?" ಅಂದರು ಇವರು.

"ಆಫೀಸಿನವರು ಬೇಡ ಅಂದರು ಸಾರ್. ಹಳೇ ಕೋಚ್‌ಗಳ ಹೆಸರು ಅಳಿಸಿ ಅಳಿಸಿ ಗೋಡೆ ಹಾಳಾಯ್ತಂತೆ."

ಪರ್ಮನೆಂಟ್ ಅಲ್ಲವಾ?

ಸಂಕ್ರಾಂತಿಗೆ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕನ್ನಡದವರೆಲ್ಲ ಸೇರಿದ್ದರು. ಬಹುಪಾಲು ಕಾರು ಕಂಪನಿಯ ಎಂಜಿನಿಯರುಗಳು, ಒಬ್ಬರು ಡಾಕ್ಟರು. ಅದೇ ಹೊತ್ತಿಗೆ ಕೋಚ್ ಸಾಹೇಬರು, ಅಂಗಡಿ ಮುಚ್ಚಿದೆ ಎಂದು ಮನೆಗೇ, ಮತ್ತೆ ಸಡಿಲಿಸಲು ಕೊಟ್ಟಿದ್ದ ಕೋಟು ತೆಗೆದುಕೊಂಡು ಹೋಗಲು ಬಂದರು. ಊಟದ ಹೊತ್ತಿಗೆ ಬಂದವರನ್ನು ಬಾಗಿಲಿಂದ ಕಳಿಸುವುದುಂಟೆ? ಎಳೆದು ತಂದು ಕೂರಿಸಿದೆ. ಸಿಹಿ ಪೊಂಗಲ್ ಎರಡನೇ ಸಲ ಬಡಿಸುವಷ್ಟರಲ್ಲಿ ಅವರ ಕೆಲಸದ ಕತೆ ಎಲ್ಲರಿಗೂ ಗೊತ್ತಾಗಿತ್ತು.

ಎಂಜಿನಿಯರುಗಳ ಮುಖ ಗಂಭೀರವಾಯಿತು. ಮನೆಯ ಹುಡುಗ ಪರೀಕ್ಷೆಯಲ್ಲಿ ಫೇಲಾಗಿ ಬಂದ ಹಾಗೆ ಸುತ್ತ ಕುರ್ಚಿ ಹಾಕಿಕೊಂಡರು.

"ಕನ್ಫರ್ಮ್ ಆಗಿದೆಯಾ, ಇನ್ನೂ ಪ್ರೊಬೇಷನ್ನಾ?"

"ನಮ್ಮ ಕೆಲಸದಲ್ಲಿ ಕನ್ಫರ್ಮ್ ಅನ್ನೋದೇ ಇಲ್ಲ," ಅಂದರು ಕೋಚ್.

"ಪೆನ್ಷನ್ನು?"

"ಅಲ್ಲೀವರೆಗೆ ಯಾರೂ ಇರಲ್ಲ."

"ನನ್ನ ಮಾತು ಕೇಳಿ, ಪೋಸ್ಟ್ ಆಫೀಸಿಗೆ ಅಪ್ಲೈ ಮಾಡಿ. ಸರ್ಕಾರಿ ಕೆಲಸ. ಸೋತರೂ ಗೆದ್ದರೂ ಒಂದನೇ ತಾರೀಕು ಸಂಬಳ," ಅಂದರು ಒಬ್ಬರು.

ಡಾಕ್ಟರು ಎದ್ದುಹೋಗಿ ಬೀಪಿ ನೋಡುವ ಯಂತ್ರ ತಂದರು.

ಮೂಲೆಯಲ್ಲಿ ಡಾಕ್ಟರ ತಾಯಿ ಕೂತಿದ್ದರು. ಬೆಂಗಳೂರಿಂದ ಬಂದು ತಿಂಗಳಾಗಿತ್ತಷ್ಟೆ. ಎಲ್ಲವನ್ನೂ ನೋಡಿ ನನ್ನನ್ನು ಕೇಳಿದರು: "ಅಯ್ಯೋ ಪಾಪ, ಇಷ್ಟುದ್ದ ಬೆಳೆದಿದಾನೆ, ಇನ್ನೂ ಒಂದು ಗಟ್ಟಿ ಕೆಲಸ ಸಿಕ್ಕಿಲ್ಲವೇನೆ?"

ಅಜ್ಜಿ ಏನಂದರು ಎಂದು ಕೋಚ್ ಸಾಹೇಬರು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಅಜ್ಜಿಯ ಕಡೆ ತಿರುಗಿ ಕೈಮುಗಿದರು.

"ಪೇಪರಿನವರೆಲ್ಲ ಎರಡು ಕಾಲಂ ತಗೊಂಡು ಬರೆಯೋದು ಇದನ್ನೇ," ಅಂದರು.

ಷಿಕಾಗೋದಲ್ಲಿ ಟೈಮ್‌ಔಟ್

ಸೀಸನ್ ಮುಗಿಯುತ್ತ ಬಂತು. ಷಿಕಾಗೋದಲ್ಲೊಂದು ಪಂದ್ಯ. ಅದನ್ನೂ ಸೋತರೆ ನೀವು ತಂಡದ ಜೊತೆ ವಾಪಸ್ ಬರುವುದು ಬೇಡ ಎಂದು ಮಾಲೀಕರು ಹೇಳಿಬಿಟ್ಟರು. ಕೋಚ್ ಸಾಹೇಬರು ಅಂಗಡಿಗೆ ಬಂದು ಎರಡು ಟಿಕೆಟ್ ಕೊಟ್ಟರು, ತಂಡದ ಬೆಂಚಿನ ಹಿಂದಿನ ಸಾಲಿನವು.

"ಬನ್ನಿ ಮ್ಯಾಡಂ. ನನ್ನ ಕಡೆಯವರು ಅಂತ ಯಾರಾದರೂ ಇರಲಿ. ನಮ್ಮ ಮಾವ ಷಿಕಾಗೋ ತಂಡದ ಕಡೆ ಟಿಕೆಟ್ ತಗೊಂಡಿದಾರೆ."

ಹೇಗೂ ಷಿಕಾಗೋದಲ್ಲಿ ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂವಿನಿಂದ ಬೇಳೆ, ಅಕ್ಕಿಹಿಟ್ಟು ತರಬೇಕಿತ್ತು. ಅಲ್ಲಿನ ಸ್ನೇಹಿತರ ಮನೆಗೆಂದು ಕೋಡುಬಳೆ ಕರಿದು ಸ್ಟೀಲ್ ಡಬ್ಬಿಗೆ ತುಂಬಿದೆ. ನಮ್ಮ ಯಜಮಾನರು ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ, "ನೋಡು, ಯಾರಿಗಾದರೂ ಕೊಡೋ ಮುಂಚೆ ಅವರ ಹಲ್ಲು ವಿಚಾರಿಸಿಬಿಡು," ಅಂದರು.

"ಅದು ಗಟ್ಟಿಯಲ್ಲ, ಗರಿಗರಿ," ಅಂದೆ. ಸುಮಾರು ಮುನ್ನೂರು ಮೈಲಿ ದಾರಿಯಲ್ಲಿ ಆ ವಿಷಯ ಇತ್ಯರ್ಥವಾಗಲಿಲ್ಲ.

ಪಂದ್ಯ ಕೊನೆಯ ನಿಮಿಷಕ್ಕೆ ಬಂದಾಗ ನಮ್ಮ ತಂಡ ಒಂದೇ ಪಾಯಿಂಟ್ ಹಿಂದಿತ್ತು. ಕೋಚ್ ಸಾಹೇಬರು ಆಟ ನಿಲ್ಲಿಸಿ ಹುಡುಗರ ಜೊತೆ ಮಾತಾಡಲು ಟೈಮ್‌ಔಟ್ ಕೇಳಿದರು. ಆಟಗಾರರೆಲ್ಲ ಬಂದು ಬೆಂಚಿನಲ್ಲಿ ಕುಸಿದರು, ಕೂತ ಕೂಡಲೇ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬಾಲ್ ನನಗೆ ಕೊಡು ಅಂತ ಒಬ್ಬ, ತಪ್ಪು ನಿನ್ನದು ಅಂತ ಇನ್ನೊಬ್ಬ. ಎಲ್ಲರಿಗಿಂತ ಜೋರಾಗಿ ಸ್ಟಾರು. ಮಧ್ಯೆ ಕೋಚ್ ಸಾಹೇಬರು ಸಣ್ಣ ಹಲಗೆ ಹಿಡಿದು ಬಾಯಿ ಆಡಿಸುತ್ತಿದ್ದರು. ಒಂದಕ್ಷರ ಕೇಳಿಸುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನನಗೆ ಏನಾದರೂ ಕುರುಕಬೇಕು. ಡಬ್ಬಿ ತೆಗೆದೆ. ಇಂಗು, ಓಮದ ಘಮಕ್ಕೆ ಮುಂದೆ ಕೂತಿದ್ದ ಸ್ಟಾರು ಹಿಂದಕ್ಕೆ ತಿರುಗಿದ.

"ಏನದು?"

ಕೇಳಿದ ಮೇಲೆ ಕೊಡದೆ ಇರಲಾಗುತ್ತದೆಯೇ? ಒಂದು ಕೊಟ್ಟೆ. ಅಷ್ಟು ಜನರ ಎದುರಿಗೆ ಒಬ್ಬನಿಗೆ ಮಾತ್ರ ಕೊಟ್ಟು ಡಬ್ಬಿ ಮುಚ್ಚುವ ಮನೆಯಲ್ಲಿ ನಾನು ಹುಟ್ಟಿದವಳಲ್ಲ. "ತಗೊಳ್ಳಿ, ಎಲ್ಲರೂ ತಗೊಳ್ಳಿ," ಅಂತ ಬೆಂಚಿನ ಈ ತುದಿಯಿಂದ ಆ ತುದಿಗೆ ಡಬ್ಬಿ ಕಳಿಸಿದೆ. ಎಲ್ಲರೂ ಬಾಯಿಗೆ ಹಾಕಿಕೊಂಡರು.

ಬೆಂಚು ನಿಶ್ಶಬ್ದವಾಯಿತು.

ಕೋಚ್ ಸಾಹೇಬರು ಗಾಬರಿಯಾಗಿ ಒಂದೊಂದೇ ಮುಖ ನೋಡಿದರು. ಅಷ್ಟೂ ದವಡೆ ಆಡುತ್ತಿದ್ದವು, ಒಂದರಿಂದಲೂ ಮಾತು ಹೊರಡುತ್ತಿರಲಿಲ್ಲ. ಆ ಸೀಸನ್ನಿನಲ್ಲಿ ಮೊಟ್ಟಮೊದಲ ಬಾರಿಗೆ ಅವರು ಹಲಗೆಯ ಮೇಲೆ ಗೆರೆ ಎಳೆದು, ನೀನು ಇಲ್ಲಿ, ನೀನು ಅಲ್ಲಿ ಎಂದು ಪೂರ್ತಿ ಹೇಳಿ ಮುಗಿಸಿದರು. ಸ್ಟಾರು, ಯಾಕೆ ಎಂದು ಕೇಳಲು ಕೈಯೆತ್ತಿದ. ಬಾಯಿ ಬಿಡಲಾಗದೆ ಇಳಿಸಿದ.

ಅಗಿಯುತ್ತಲೇ ಅಂಗಳಕ್ಕೆ ಇಳಿದರು. ಪ್ರತಿಯೊಬ್ಬನೂ ಹೇಳಿದ ಜಾಗದಲ್ಲಿ ನಿಂತ, ಬಾಲ್ ಹೇಳಿದ ಕೈಗೆ ಹೋಯಿತು. ರೆಫರಿ ಯಾವುದಕ್ಕೋ ಸೀಟಿ ಊದಿದಾಗಲೂ ನಮ್ಮ ಸ್ಟಾರು ಜಗಳಕ್ಕೆ ಹೋಗದೆ ತಲೆ ಆಡಿಸಿದ. ಒಂದು ಪಾಯಿಂಟಿನಲ್ಲಿ ಗೆದ್ದೆವು. ಆ ಕಡೆಯಿಂದ ಮಾವನವರು ಅಂಗಳ ದಾಟಿ ಬಂದು ಅಳಿಯನ ಕೈ ಕುಲುಕಿದ್ದನ್ನು ಕಣ್ಣಾರೆ ನೋಡಿದೆ. ಕೋಚಿಗೆ ಕೊನೆಗೂ ತಂಡದ ಮೇಲೆ ಹಿಡಿತ ಸಿಕ್ಕಿದೆ ಎಂದು ಮರುದಿನದ ಪೇಪರಿನಲ್ಲಿ ಓದಿದೆ. ನಮ್ಮ ಯಜಮಾನರಿಗೂ ಓದಿ ಹೇಳಿದೆ.

ಸೀಸನ್ ಮುಗಿದ ಮೇಲೆ ಕೋಚ್ ಸಾಹೇಬರು ಅಂಗಡಿಗೆ ಬಂದರು. ಹಾಕಿಕೊಂಡದ್ದು ಹಳೆಯ ಸ್ವೆಟರು.

"ಮಾಲೀಕರು ಇನ್ನೂ ಎರಡು ವರ್ಷ ಇರಿ ಅಂದರು. ನಾನೇ ಬೇಡ ಅಂದೆ. ಕಾಲೇಜಿಗೆ ವಾಪಸ್ ಹೋಗ್ತಿದೀನಿ."

ನನಗೆ ಸಿಟ್ಟು ಬಂತು. "ಏನ್ರೀ ಇದು? ಮಾವನ ಎದುರಿಗೆ ಗೆದ್ದು ತೋರಿಸಿ, ಈಗ ನೀವಾಗಿ ನೀವೇ ಬಿಡ್ತೀರಾ?"

"ಅವರು ಕಳಿಸೋದಕ್ಕೂ ನಾನೇ ಹೋಗೋದಕ್ಕೂ ವ್ಯತ್ಯಾಸ ಇದೆ ಮ್ಯಾಡಂ. ಅದಕ್ಕೇ ಇಷ್ಟು ಕಷ್ಟಪಟ್ಟಿದ್ದು. ಮತ್ತೆ..." ಅಂತ ತಡೆದರು.

"ಮತ್ತೇನು? ಹೇಳಿ."

"ಕಾಲೇಜಲ್ಲಿ ಹುಡುಗರು ಖಾಲಿ ಬಾಯಲ್ಲೂ ನನ್ನ ಮಾತು ಕೇಳ್ತಾರೆ."

ಒಳಗಡೆ ಕಾಫಿ ಕುಡಿಯುತ್ತಿದ್ದ ನಮ್ಮ ಯಜಮಾನರಿಗೆ ನೆತ್ತಿಗೆ ಹತ್ತಿತು. ಕೆಮ್ಮೋ ನಗುವೋ, ನಿಲ್ಲಲೇ ಇಲ್ಲ. ನಾನು ಕತ್ತರಿ ಕೆಳಗಿಟ್ಟೆ.

"ನನ್ನ ಕೋಡುಬಳೆ ಗಟ್ಟಿ ಅಂತ ಹೇಳೋದಕ್ಕೆ ಅಷ್ಟು ದೊಡ್ಡ ಕೆಲಸ ಬಿಡಬೇಕಿತ್ತಾ?" ಅಂದೆ.